ಉದ್ದ, ಅಗಲ, ಆಳ: ಹಟ್ಟಿಯ ಸುತ್ತಲಿನ ಘನ ಅಳತೆಯ ಲೆಕ್ಕ



ಡೈರಿಗೆ ಹಾಲು ಹಾಕುವಾಗ ನಾವು ಲೆಕ್ಕದಲ್ಲಿ ಬಲು ಜಾಗರೂಕರು. ನೂರು ಮಿಲಿಲೀಟರ್ ಕಡಿಮೆ ಬರೆದರೂ, ಫ್ಯಾಟಿನಲ್ಲಿ ಒಂದು ಪಾಯಿಂಟು ಇಳಿದರೂ ಕಾರ್ಯದರ್ಶಿಯವರನ್ನು ಕೇಳದೆ ಬಿಡುವುದಿಲ್ಲ. ಕೇಳಬೇಕಾದದ್ದೇ. ಆದರೆ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ ಎಷ್ಟು ಗೊಬ್ಬರವಿದೆ, ನೀರಿನ ಟಾಂಕಿ ಎಷ್ಟು ಲೀಟರ್ ಹಿಡಿಯುತ್ತದೆ, ಎರಡು ದನಗಳಿಗೆ ಬೇಸಗೆ ದಾಟಿಸಲು ರಸಮೇವಿನ ಗುಂಡಿ ಎಷ್ಟು ದೊಡ್ಡದಿರಬೇಕು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಅಂದಾಜಿಗೆ ಮಾಡಿದ್ದು." ಈ ಅಂದಾಜಿನಿಂದ ಕೈಬಿಟ್ಟು ಹೋಗುವ ಹಣ ಫ್ಯಾಟಿನ ಒಂದು ಪಾಯಿಂಟಿನಲ್ಲಿ ಹೋಗುವುದಕ್ಕಿಂತ ಬಹಳ ಹೆಚ್ಚು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಲ್ಲಿ ಗದ್ದೆಗಳು ಅಡಿಕೆ ತೋಟವಾಗಿ, ಗುಡ್ಡೆಗಳು ರಬ್ಬರ್ ತೋಟವಾಗಿ ಬದಲಾದ ಮೇಲೆ ಮನೆಯದೇ ಬೈಹುಲ್ಲು ಇರುವ ಹಟ್ಟಿ ಅಪರೂಪ. ಘಟ್ಟದ ಮೇಲಿಂದ ಲಾರಿಯಲ್ಲಿ ಬರುವ ಹುಲ್ಲಿಗೆ ಕಾಯಬೇಕು. ಗೊಬ್ಬರ ಮಾರುವುದು ಲೋಡಿನ ಲೆಕ್ಕದಲ್ಲಿ, ಇಲ್ಲವೇ ಬುಟ್ಟಿಯ ಲೆಕ್ಕದಲ್ಲಿ. ಗುಂಡಿ ತೋಡಿಸುವುದು ಒಟ್ಟು ಮೊತ್ತಕ್ಕೆ. ಈ ಎಲ್ಲ ಕಡೆ ಬೇಕಾಗುವುದು ಶಾಲೆಯಲ್ಲಿ ಕಲಿತು ಮರೆತ ಒಂದೇ ಒಂದು ಲೆಕ್ಕ. ಅದನ್ನು ಈ ಸಂಚಿಕೆಯಲ್ಲಿ ಮತ್ತೆ ಕಲಿಯೋಣ. ಮನೆಯಲ್ಲಿ ಆರನೆಯದೋ ಏಳನೆಯದೋ ತರಗತಿಯ ಮಕ್ಕಳಿದ್ದರೆ ಹತ್ತಿರ ಕುಳ್ಳಿರಿಸಿಕೊಂಡು ಓದಿ. ಗುಣಾಕಾರವನ್ನು ಅವರು ಮಾಡಲಿ.

ಒಂದು ಅಡಿಯ ಪೆಟ್ಟಿಗೆ

ಮೊದಲಿಗೆ ಹಳೆಯ ಹಲಗೆಯಲ್ಲಿಯೋ ಪ್ಲೈವುಡ್ಡಿನಲ್ಲಿಯೋ ಒಂದು ಪೆಟ್ಟಿಗೆ ಮಾಡಿಸಿಕೊಳ್ಳಿ. ಒಳಗಿನ ಅಳತೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಇರಬೇಕು. ಇದರಲ್ಲಿ ಹಿಡಿಯುವಷ್ಟಕ್ಕೆ ಒಂದು ಘನ ಅಡಿ ಎನ್ನುತ್ತಾರೆ. ನೀರಾದರೆ 28.3 ಲೀಟರ್ ಹಿಡಿಯುತ್ತದೆ. ನಮ್ಮ 40 ಲೀಟರಿನ ಹಾಲಿನ ಕ್ಯಾನಿನ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ ಎಂದು ನೆನಪಿಟ್ಟುಕೊಳ್ಳಬಹುದು.

ಈಗ 6 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಒಂದು ಗುಂಡಿಯನ್ನು ಯೋಚಿಸಿ. ಅದರ ತಳದಲ್ಲಿ ಈ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಟ್ಟರೆ ಉದ್ದಕ್ಕೆ 6, ಅಗಲಕ್ಕೆ 3 ಸಾಲು. ಒಂದು ಪದರಕ್ಕೆ 18 ಪೆಟ್ಟಿಗೆ. ಆಳ 3 ಅಡಿಯಾದುದರಿಂದ ಇಂತಹ 3 ಪದರ. ಒಟ್ಟು 54. ಉದ್ದವನ್ನು ಅಗಲದಿಂದ ಗುಣಿಸುವುದು ಒಂದು ಪದರ ಎಷ್ಟೆಂದು ತಿಳಿಯಲು. ಅದನ್ನು ಆಳದಿಂದ ಗುಣಿಸುವುದು ಎಷ್ಟು ಪದರವೆಂದು ತಿಳಿಯಲು. ಸೂತ್ರ ಇಷ್ಟೇ: ಉದ್ದ × ಅಗಲ × ಆಳ.

ಮೀಟರಿನಲ್ಲಿ ಅಳೆದರೆ ಘನ ಮೀಟರ್ ಬರುತ್ತದೆ. 1 ಘನ ಮೀಟರ್ ಎಂದರೆ 1000 ಲೀಟರ್, ಅಥವಾ 35.3 ಘನ ಅಡಿ. ಯಾವುದರಲ್ಲಿ ಬೇಕಾದರೂ ಅಳೆಯಿರಿ, ಆದರೆ ಮೂರನ್ನೂ ಒಂದರಲ್ಲೇ ಅಳೆಯಿರಿ. ಬಾವಿಯ ಆಳವನ್ನು ಈಗಲೂ ಕೋಲಿನಲ್ಲಿ ಹೇಳುವ ಹಿರಿಯರಿದ್ದಾರೆ. ಅವರು ಹೇಳಿದ ಕೋಲಿಗೆ ಟೇಪು ಹಿಡಿದು ಅದು ಎಷ್ಟು ಅಡಿ, ಎಷ್ಟು ಇಂಚು ಎಂದು ನೋಡಿಕೊಂಡ ಮೇಲೆಯೇ ಲೆಕ್ಕಕ್ಕೆ ಇಳಿಯಿರಿ.

ಎಲ್ಲಿ ತಪ್ಪುತ್ತದೆ?

ಸೂತ್ರ ಸುಲಭ, ತಪ್ಪುವುದೂ ಸುಲಭ. ನಾನು ಕಂಡಂತೆ ಅತಿ ಹೆಚ್ಚು ತಪ್ಪುವುದು ಇಂಚಿನಲ್ಲಿ. 4 ಅಡಿ 6 ಇಂಚನ್ನು ಕ್ಯಾಲ್ಕುಲೇಟರಿನಲ್ಲಿ 4.6 ಎಂದು ಒತ್ತುತ್ತೇವೆ. ಒಂದು ಅಡಿಗೆ 12 ಇಂಚು, 10 ಅಲ್ಲ. 6 ಇಂಚು ಅರ್ಧ ಅಡಿಯಾದುದರಿಂದ ಅದು 4.5. ಹಾಗೆಯೇ 3 ಇಂಚು ಎಂದರೆ 0.25, 9 ಇಂಚು ಎಂದರೆ 0.75. ಬೇರೆ ಯಾವ ಇಂಚಾದರೂ 12ರಿಂದ ಭಾಗಿಸಿ. 4 ಅಡಿ 6 ಇಂಚು ಉದ್ದ, 3 ಅಡಿ 9 ಇಂಚು ಅಗಲ, 2 ಅಡಿ 6 ಇಂಚು ಆಳದ ತೊಟ್ಟಿಯ ಸರಿಯಾದ ಲೆಕ್ಕ 4.5 × 3.75 × 2.5, ಅಂದರೆ 42.2 ಘನ ಅಡಿ. ತಪ್ಪಾಗಿ 4.6 × 3.9 × 2.6 ಎಂದು ಗುಣಿಸಿದರೆ 46.6 ಬರುತ್ತದೆ. ವ್ಯತ್ಯಾಸ ಸುಮಾರು 125 ಲೀಟರ್, ಒಂದು ಕರೆಯುವ ದನಕ್ಕೆ ಇಡೀ ದಿನ ಬೇಕಾಗುವ ನೀರು.

ಎರಡನೆಯದು ಹೊರಗಿನ ಅಳತೆ. ನಮ್ಮಲ್ಲಿ ತೊಟ್ಟಿ ಕಟ್ಟುವುದು ಕೆಂಪುಕಲ್ಲಿನಲ್ಲಿ, ಗೋಡೆಯೇ ಮುಕ್ಕಾಲು ಅಡಿ ದಪ್ಪ. ಹೊರಗಿನಿಂದ 8 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಎತ್ತರ ಕಾಣುವ ಟಾಂಕಿಯನ್ನು ನೋಡಿ 160 ಘನ ಅಡಿ, ಅಂದರೆ ನಾಲ್ಕೂವರೆ ಸಾವಿರ ಲೀಟರ್ ಎಂದುಕೊಳ್ಳುತ್ತೇವೆ. ಎರಡು ಬದಿಯ ಗೋಡೆ ಕಳೆದರೆ ಉದ್ದ ಆರೂವರೆ, ಅಗಲ ಮೂರೂವರೆ. ತಳಕ್ಕೆ ಅರ್ಧ ಅಡಿ ಕಾಂಕ್ರೀಟು ಹಾಕಿದ್ದರೆ ಆಳ ಮೂರೂವರೆ. 6.5 × 3.5 × 3.5 ಎಂದರೆ ಬರೀ 79.6 ಘನ ಅಡಿ, 2250 ಲೀಟರ್. ಅರ್ಧಕ್ಕೆ ಅರ್ಧ ಗೋಡೆ ನುಂಗಿತು! ಕುಡಿಯಲು, ಮೈ ತೊಳೆಯಲು, ಹಟ್ಟಿ ತೊಳೆಯಲು ಸೇರಿ ಒಂದು ಮಿಶ್ರತಳಿ ದನಕ್ಕೆ ದಿನಕ್ಕೆ 120 ಲೀಟರ್ ಹಿಡಿದರೆ ಎರಡು ದನಕ್ಕೆ ಇದು ಒಂಬತ್ತು ದಿನಕ್ಕೆ ಮುಗಿಯುತ್ತದೆ. ಏಪ್ರಿಲಿನಲ್ಲಿ ಬಾವಿ ತಳ ಕಂಡಾಗ ಹದಿನೆಂಟು ದಿನಕ್ಕೆ ಸಾಕೆಂದು ನಂಬಿ ಕುಳಿತವರ ಕಷ್ಟ ಹೇಳತೀರದು.

ಮೂರನೆಯದು ದುಪ್ಪಟ್ಟಿನ ಲೆಕ್ಕ. ಎರಡು ದನ ಇದ್ದಲ್ಲಿ ನಾಲ್ಕು ಆದವು, ಗುಂಡಿಯನ್ನೂ ಎರಡರಷ್ಟು ಮಾಡಬೇಕು. 6 × 3 × 3 ಇದ್ದುದನ್ನು 12 × 6 × 6 ಮಾಡಿ ಎಂದು ಕೆಲಸದವರಿಗೆ ಹೇಳಿದರೆ 54 ಘನ ಅಡಿಯ ಬದಲು 432 ಘನ ಅಡಿ ಮಣ್ಣು ಮೇಲೆ ಬರುತ್ತದೆ. ಎರಡರಷ್ಟಲ್ಲ, ಎಂಟರಷ್ಟು. ಕೂಲಿಯೂ ಎಂಟರಷ್ಟು. ಎರಡರಷ್ಟು ಬೇಕಾದರೆ ಮೂರರಲ್ಲಿ ಒಂದನ್ನು ಮಾತ್ರ ಎರಡರಷ್ಟು ಮಾಡಬೇಕು.

ರಸಮೇವಿನ ಗುಂಡಿ

ಈ ಲೆಕ್ಕದ ನಿಜವಾದ ಪರೀಕ್ಷೆ ರಸಮೇವಿನ ಗುಂಡಿಯಲ್ಲಿ, ಅಂದರೆ ಸೈಲೇಜ್ ಗುಂಡಿಯಲ್ಲಿ. ಇದರಲ್ಲಿ ನಾನೇ ಪಾಠ ಕಲಿತಿದ್ದೇನೆ, ಆದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎರಡು ಕರೆಯುವ ದನಗಳಿವೆ. ಫೆಬ್ರವರಿ ನಡುವಿನಿಂದ ಮೇ ಕೊನೆಯವರೆಗೆ ಸುಮಾರು 100 ದಿನ ಹಸಿಹುಲ್ಲಿಗೆ ತತ್ವಾರ. ದಿನಕ್ಕೆ ಒಂದು ದನಕ್ಕೆ 15 ಕಿಲೋ ರಸಮೇವು ಕೊಟ್ಟರೆ ಎರಡಕ್ಕೆ 30 ಕಿಲೋ, 100 ದಿನಕ್ಕೆ 3000 ಕಿಲೋ. ಮೇಲಿನ ಪದರ, ಬದಿಯ ಮೇವು ಸ್ವಲ್ಪ ಹಾಳಾಗುತ್ತದೆ. ಅದಕ್ಕೆಂದು ನೂರಕ್ಕೆ ಹದಿನೈದರಷ್ಟು ಕಳೆಯುವ ಲೆಕ್ಕ ಹಿಡಿದು 3500 ಕಿಲೋ ತುಂಬಬೇಕು. ಚೆನ್ನಾಗಿ ತುಳಿದು ತುಂಬಿದ ರಸಮೇವು ಒಂದು ಘನ ಮೀಟರಿಗೆ 500ರಿಂದ 600 ಕಿಲೋ ಹಿಡಿಯುತ್ತದೆ. ಕಡಿಮೆಯದನ್ನೇ ಹಿಡಿದರೆ ಒಂದು ಘನ ಅಡಿಗೆ 14 ಕಿಲೋ. 3500ನ್ನು 14ರಿಂದ ಭಾಗಿಸಿದರೆ 250. ನಮಗೆ ಬೇಕಾದುದು 250 ಘನ ಅಡಿಯ ಗುಂಡಿ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ನಾನೂ ತಿಳಿದಿದ್ದೆ. ಹಲವು ವರ್ಷಗಳ ಹಿಂದೆ, ನೋಡಲು ಚೆಂದ ಎಂದು 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಗುಂಡಿ ಮಾಡಿಸಿದೆ. 216 ಘನ ಅಡಿ, ಲೆಕ್ಕಕ್ಕೆ ಹತ್ತಿರವೇ. ಮೇವು ಚೆನ್ನಾಗಿ ಹದವಾಯಿತು, ತೆರೆದಾಗ ಒಳ್ಳೆಯ ಹುಳಿ ವಾಸನೆ. ಒಂದು ವಾರ ಸರಿ ಇತ್ತು. ಎರಡನೆಯ ವಾರ ಮೇಲ್ಮೈ ಬಿಸಿಯಾಗತೊಡಗಿತು, ಬಿಳಿ ಬೂಸ್ಟು ಕಾಣಿಸಿತು. ಬೂಸ್ಟು ತೆಗೆದು ತೆಗೆದು ಕೊಟ್ಟೆ. ದನ ಮೂಸಿ ಬಿಟ್ಟಿತು, ಹಾಲು ಇಳಿಯಿತು. ಕೊನೆಗೆ ಗುಂಡಿಯ ಅರ್ಧದಷ್ಟು ಮೇವು ತೆಂಗಿನ ಬುಡಕ್ಕೆ ಹೋಯಿತು.

ತಪ್ಪು ಎಲ್ಲಿ? ದಿನಕ್ಕೆ ನಾನು ತೆಗೆಯುತ್ತಿದ್ದುದು, ಹಾಳಾಗುವುದೂ ಸೇರಿ, 35 ಕಿಲೋ, ಅಂದರೆ ಎರಡೂವರೆ ಘನ ಅಡಿ. ಗಾಳಿಗೆ ತೆರೆದಿದ್ದ ಮೇಲ್ಮೈ 6 × 6, 36 ಚದರ ಅಡಿ. ಎರಡೂವರೆಯನ್ನು 36ರಿಂದ ಭಾಗಿಸಿದರೆ ದಿನಕ್ಕೆ ಇಳಿಯುತ್ತಿದ್ದ ದಪ್ಪ ಒಂದು ಇಂಚೂ ಇಲ್ಲ. ನಮ್ಮ ಕರಾವಳಿಯ ಸೆಕೆಗೆ ರಸಮೇವನ್ನು ದಿನಕ್ಕೆ ಮೂರು ನಾಲ್ಕು ಇಂಚಾದರೂ ತೆಗೆಯುತ್ತ ಹೋಗಬೇಕು. ಇಲ್ಲವಾದರೆ ಗಾಳಿ ತಾಗಿದ ಮೇವು ನಾವು ತೆಗೆಯುವುದಕ್ಕಿಂತ ಬೇಗ ಕೆಡುತ್ತದೆ.

ಆದುದರಿಂದ ಘನ ಅಳತೆ ಸರಿಯಾದರೆ ಸಾಲದು, ಆಕಾರವೂ ಸರಿಯಾಗಬೇಕು. 250 ಘನ ಅಡಿಯನ್ನು 5 ಅಡಿ ಅಗಲ, 4 ಅಡಿ ಎತ್ತರ, ಹನ್ನೆರಡೂವರೆ ಅಡಿ ಉದ್ದವಾಗಿಯೂ ಮಾಡಬಹುದು. ಒಂದು ತುದಿಯಿಂದ ಕತ್ತರಿಸುತ್ತ ಬಂದರೆ ತೆರೆದ ಮುಖ 20 ಚದರ ಅಡಿ, ದಿನಕ್ಕೆ ಒಂದೂವರೆ ಇಂಚು. ಇನ್ನೂ ಸಾಲದು. 3 ಅಡಿ ಅಗಲ, 3 ಅಡಿ ಎತ್ತರ ಮಾಡಿದರೆ ಮುಖ 9 ಚದರ ಅಡಿ, ದಿನಕ್ಕೆ ಮೂರು ಇಂಚಿಗಿಂತ ಹೆಚ್ಚು. ಇದು ನಡೆಯುತ್ತದೆ. ಉದ್ದ ಆಗ 28 ಅಡಿ ಬೇಕು. ಒಂದೇ ಉದ್ದಕ್ಕೆ ಮಾಡುವ ಬದಲು 14 ಅಡಿಯ ಎರಡು ಗುಂಡಿ ಮಾಡಿ. ಒಂದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ತೆಗೆಯುವುದು ಬೇಡ. ಒಂದೇ ದನ ಇರುವವರು ಗುಂಡಿಯ ಗೋಜಿಗೆ ಹೋಗದೆ ಮುಚ್ಚಳ ಭದ್ರವಿರುವ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಉಪಯೋಗಿಸಬಹುದು. ಒಂದರಲ್ಲಿ ನೂರು ನೂರಹತ್ತು ಕಿಲೋ ಹಿಡಿಯುತ್ತದೆ, ಒಂದು ವಾರಕ್ಕೆ ಖಾಲಿಯಾಗುತ್ತದೆ.

ತುಳಿಯುವ ವಿಷಯದಲ್ಲಿ ಉದಾಸೀನ ಬೇಡ. ಅದೇ 250 ಘನ ಅಡಿಯಲ್ಲಿ ಸಡಿಲವಾಗಿ ತುಂಬಿದರೆ, ಘನ ಮೀಟರಿಗೆ 400 ಕಿಲೋದಂತೆ, 2830 ಕಿಲೋ. ಗಟ್ಟಿಯಾಗಿ ತುಳಿದು 600 ಕಿಲೋ ಹಿಡಿಸಿದರೆ 4250 ಕಿಲೋ. ಎರಡು ದನಗಳಿಗೆ 40 ದಿನದ ವ್ಯತ್ಯಾಸ! ಹುಲ್ಲನ್ನು ಒಂದು ಇಂಚಿನಷ್ಟಕ್ಕೆ ಕತ್ತರಿಸಿ, ಅರ್ಧ ಅಡಿ ಹಾಕಿ ತುಳಿಯಿರಿ, ಮತ್ತೆ ಅರ್ಧ ಅಡಿ ಹಾಕಿ ತುಳಿಯಿರಿ. ನೇಪಿಯರ್ ಹುಲ್ಲಿನಲ್ಲಿ ನೀರಿನ ಅಂಶ ಹೆಚ್ಚು. ಕೊಯ್ದು ಅರ್ಧ ದಿನ ಬಾಡಿಸಿದ ಮೇಲೆಯೇ ತುಂಬಬೇಕು. ಆಟಿಯ ಜೋರು ಮಳೆಯಲ್ಲಿ ಇದು ಸಾಧ್ಯವಿಲ್ಲ. ಸೋಣ ಕಳೆದು ಬಿಸಿಲು ಕಾಣುವ ದಿನಗಳು ಒಳ್ಳೆಯದು. ನಮ್ಮ ತಗ್ಗು ಜಾಗಗಳಲ್ಲಿ ಮಳೆಗಾಲಕ್ಕೆ ಎರಡು ಅಡಿ ಅಗೆದರೆ ನೀರು ಬರುತ್ತದೆ. ಅಂತಹ ಕಡೆ ನೆಲದೊಳಗೆ ಗುಂಡಿ ಬೇಡ. ನೆಲದ ಮೇಲೆಯೇ ಕೆಂಪುಕಲ್ಲಿನ ಗೋಡೆ ಎಬ್ಬಿಸಿ ಒಳಗೆ ಗಾರೆ ಮಾಡಿಸಿ. ಅಳತೆ ಗೋಡೆಯ ಒಳಗಿನದು ಎಂಬುದನ್ನು ಮರೆಯಬೇಡಿ.

ಬದಿ ಓರೆಯಾದ ಗುಂಡಿ

ಗುಡ್ಡೆಯ ಮುರಕಲ್ಲಿನಲ್ಲಿ ತೋಡಿದರೆ ಬದಿ ನೇರವಾಗಿ ನಿಲ್ಲುತ್ತದೆ. ಮಣ್ಣಿನಲ್ಲಿ ನಿಲ್ಲುವುದಿಲ್ಲ, ಮೇಲೆ ಅಗಲ, ಕೆಳಗೆ ಕಿರಿದು ಮಾಡಬೇಕಾಗುತ್ತದೆ. ಮೇಲೆ 12 × 8 ಅಡಿ, ತಳದಲ್ಲಿ 10 × 6 ಅಡಿ, ಆಳ 6 ಅಡಿ ಎಂದಿಟ್ಟುಕೊಳ್ಳಿ. ಮೇಲಿನ ಅಳತೆಯನ್ನೇ ಹಿಡಿದು ಕೂಲಿ ಲೆಕ್ಕ ಮಾಡಿದರೆ 576 ಘನ ಅಡಿ. ಇದು ತಪ್ಪು, ತೋಡದ ಮಣ್ಣಿಗೂ ಹಣ ಕೊಟ್ಟಂತಾಯಿತು.

ಈ ಲೆಕ್ಕ ನಮ್ಮ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಗುಂಡಿ ತೋಡುವ ಲೆಕ್ಕಕ್ಕೆಂದೇ 'ಖಾತ ವ್ಯವಹಾರ' ಎಂಬ ಪ್ರತ್ಯೇಕ ಅಧ್ಯಾಯವಿದೆ. 628ರಲ್ಲಿ ಬ್ರಹ್ಮಗುಪ್ತನೂ ಇದೇ ದಾರಿಯನ್ನು ಹೇಳಿದ್ದ. ಬಸದಿಗಳ ಊರಾದ ಮೂಡುಬಿದಿರೆಯ ಸದಸ್ಯರಿಗೆ ಇದು ಹೆಮ್ಮೆಯ ವಿಷಯವಾಗಬಹುದು. ಮಹಾವೀರಾಚಾರ್ಯರ ದಾರಿ ಹೀಗೆ: ಮೊದಲು ಮೇಲಿನ ಮತ್ತು ತಳದ ಅಳತೆಗಳ ಸರಾಸರಿ ತೆಗೆಯಿರಿ. ಉದ್ದ 11, ಅಗಲ 7, ಆಳ 6. ಗುಣಿಸಿದರೆ 462. ಇದಕ್ಕೆ ಕರ್ಮಾಂತಿಕ ಫಲ ಎಂದು ಹೆಸರು. ಅನಂತರ ಮೇಲಿನ ವಿಸ್ತೀರ್ಣ 96, ತಳದ ವಿಸ್ತೀರ್ಣ 60, ಇವುಗಳ ಸರಾಸರಿ 78. ಆಳದಿಂದ ಗುಣಿಸಿದರೆ 468. ಇದು ಔಂಡ್ರ ಫಲ. ಎರಡರ ವ್ಯತ್ಯಾಸ 6. ಅದರ ಮೂರನೆಯ ಒಂದು ಪಾಲು 2. ಅದನ್ನು ಮೊದಲನೆಯದಕ್ಕೆ ಕೂಡಿಸಿದರೆ 464 ಘನ ಅಡಿ. ಇದು ಸೂಕ್ಷ್ಮ ಫಲ, ಅಂದರೆ ನಿಖರವಾದ ಉತ್ತರ. ಇಂದಿನ ಇಂಜಿನಿಯರರ ಸೂತ್ರದಿಂದಲೂ ಇದೇ 464 ಬರುತ್ತದೆ.

ನಮ್ಮ ಉಪಯೋಗಕ್ಕೆ ಮೊದಲನೆಯ 462 ಸಾಕು. ಆದರೆ 576 ಎಂದವರಿಗೆ 112 ಘನ ಅಡಿಯ ಕೂಲಿ ಹೆಚ್ಚು ಕೊಡಬೇಡಿ. ತೋಡಿ ಮೇಲೆ ಹಾಕಿದ ಮಣ್ಣಿನ ರಾಶಿಯನ್ನು ಅಳೆದು ಲೆಕ್ಕ ಹಾಕುವುದೂ ಸರಿಯಲ್ಲ. ಅಗೆದ ಮಣ್ಣು ಉಬ್ಬುತ್ತದೆ. ಯಾವಾಗಲೂ ಗುಂಡಿಯನ್ನೇ ಅಳೆಯಬೇಕು.

ಗೊಬ್ಬರದ ಲೋಡು

ಲೋಡು ಎಂಬುದು ಅಳತೆಯಲ್ಲ, ವಾಹನ ಬದಲಾದಂತೆ ಅದೂ ಬದಲಾಗುತ್ತದೆ. ಗೊಬ್ಬರ ಕೊಳ್ಳಲು ಬಂದವರ ವಾಹನದ ಡಬ್ಬಿಯ ಒಳಗಿನ ಉದ್ದ ಅಗಲಕ್ಕೆ ಟೇಪು ಹಿಡಿಯಲು ಸಂಕೋಚ ಬೇಡ. 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರಕ್ಕೆ ಸಮವಾಗಿ ತುಂಬಿದರೆ 80 ಘನ ಅಡಿ. ರಾಶಿ ಹಾಕಿದ್ದರೆ ಒಂದು ಕೋಲನ್ನು ನಡುವೆ, ಮೂಲೆಗಳಲ್ಲಿ, ಬದಿಗಳಲ್ಲಿ ಒಟ್ಟು ಒಂಬತ್ತು ಕಡೆ ಚುಚ್ಚಿ ನೋಡಿ ಸರಾಸರಿ ಆಳ ತೆಗೆಯಿರಿ. ನಡುವಿನ ಎತ್ತರ ಒಂದನ್ನೇ ನೋಡಿದರೆ ಕೊಳ್ಳುವವರಿಗೆ ನಷ್ಟ, ಬದಿಯ ಎತ್ತರ ಒಂದನ್ನೇ ನೋಡಿದರೆ ಮಾರುವ ನಮಗೆ ನಷ್ಟ.

ಬುಟ್ಟಿಯ ಲೆಕ್ಕದಲ್ಲಿ ಮಾರುವವರು ಮೊದಲು ಹೇಳಿದ ಒಂದು ಅಡಿಯ ಪೆಟ್ಟಿಗೆಯನ್ನು ತರಲಿ. ನಿಮ್ಮ ಬುಟ್ಟಿಯಿಂದ ಎಷ್ಟು ಸಲ ಸುರಿದರೆ ಪೆಟ್ಟಿಗೆ ತುಂಬುತ್ತದೆ ನೋಡಿ. ಹಾಗೆಯೇ ತುಂಬಿದ ಪೆಟ್ಟಿಗೆಯನ್ನು ತೂಗಿ, ಖಾಲಿ ಪೆಟ್ಟಿಗೆಯ ತೂಕ ಕಳೆಯಿರಿ. ನಿಮ್ಮ ಹಟ್ಟಿಯ ಗೊಬ್ಬರ ಘನ ಅಡಿಗೆ ಎಷ್ಟು ಕಿಲೋ ಎಂದು ಸಿಕ್ಕಿತು. ಸೊಪ್ಪು ಹಾಕುವ ಹಟ್ಟಿಯ ಗೊಬ್ಬರ ಹಗುರ, ಬರೀ ಸೆಗಣಿಯದು ಭಾರ. ಪುಸ್ತಕದ ಅಂಕಿಗಿಂತ ನಿಮ್ಮ ಮನೆಯ ಅಂಕಿಯೇ ಲೇಸು.

ಮಳೆಯೂ ಒಂದು ಪೆಟ್ಟಿಗೆ

ಗೋಬರ್ ಗ್ಯಾಸ್ ಇರುವವರಿಗೆ ಇನ್ನೊಂದು ಮಾತು. ದಿನಕ್ಕೆ 25 ಕಿಲೋ ಸೆಗಣಿಗೆ ಅಷ್ಟೇ ನೀರು ಬೆರೆಸಿ ಹಾಕಿದರೆ ಹೆಚ್ಚುಕಡಿಮೆ 50 ಲೀಟರ್ ಸ್ಲರಿ ಹೊರಗೆ ಬರುತ್ತದೆ. ಎರಡು ತಿಂಗಳಿಗೆ 3000 ಲೀಟರ್, 106 ಘನ ಅಡಿ. 6 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಗುಂಡಿ ಸಾಕಾಗುತ್ತದೆ. ಆದರೆ ಮಳೆಗಾಲದಲ್ಲಿ ಒಂದೇ ದಿನ 4 ಇಂಚು ಮಳೆ ಬರುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ತೆರೆದ ಗುಂಡಿಯ ಮೇಲೆ ಬಿದ್ದ ಆ ಮಳೆಯೂ ಒಂದು ಪೆಟ್ಟಿಗೆಯೇ. ಉದ್ದ 6, ಅಗಲ 6, ಎತ್ತರ ಅಡಿಯ ಮೂರನೆಯ ಒಂದು ಪಾಲು. 12 ಘನ ಅಡಿ, 340 ಲೀಟರ್. ಸುಮಾರು ಏಳು ದಿನದ ಸ್ಲರಿಯ ಜಾಗವನ್ನು ಒಂದು ದಿನದ ಮಳೆ ಹಿಡಿಯಿತು. ಇಡೀ ವರ್ಷಕ್ಕೆ ನಮ್ಮಲ್ಲಿ ಸುಮಾರು 4000 ಮಿಲಿಮೀಟರ್, ಅಂದರೆ 13 ಅಡಿ ಮಳೆ. 3 ಅಡಿಯ ಗುಂಡಿಯನ್ನು ನಾಲ್ಕು ಸಲ ತುಂಬಿಸಿ ತೋಡಿಗೆ ಹರಿಸುವಷ್ಟು ನೀರು. ಗೊಬ್ಬರದ ಸತ್ವವೂ ಅದರೊಂದಿಗೆ ಹೋಗುತ್ತದೆ. ನಾಲ್ಕು ಅಡಿಕೆ ಮರದ ಕಂಬ ನೆಟ್ಟು ಒಂದು ಮಾಡು ಹಾಕಿಸಿದರೆ ಆಯಿತು, ಗುಂಡಿ ದೊಡ್ಡದು ಮಾಡುವ ಖರ್ಚು ಉಳಿಯಿತು. ಮಾಡಿನ ನೀರನ್ನು ಟಾಂಕಿಗೆ ಬಿಟ್ಟುಕೊಂಡರೆ ಹಟ್ಟಿ ತೊಳೆಯಲೂ ಆದೀತು.

ನೀವೇ ಮಾಡಿ ನೋಡಿ

1. ಒಂದು ವಾಹನದ ಡಬ್ಬಿಯ ಒಳಗಿನ ಉದ್ದ 7 ಅಡಿ 6 ಇಂಚು, ಅಗಲ 5 ಅಡಿ. ಗೊಬ್ಬರ 1 ಅಡಿ 8 ಇಂಚು ಎತ್ತರಕ್ಕೆ ಸಮವಾಗಿ ತುಂಬಿದೆ. ಎಷ್ಟು ಘನ ಅಡಿ?

2. ಬೈಹುಲ್ಲಿನ ಕೊಟ್ಟಿಗೆಯಲ್ಲಿ ಹುಲ್ಲು 12 ಅಡಿ ಉದ್ದ, 9 ಅಡಿ ಅಗಲ, 5 ಅಡಿ ಎತ್ತರಕ್ಕೆ ಇದೆ. ತೂಗಿ ನೋಡಿದಾಗ ಘನ ಅಡಿಗೆ 2 ಕಿಲೋ ಬಂತು. ದಿನಕ್ಕೆ 5 ಕಿಲೋ ತಿನ್ನುವ ಎರಡು ದನಗಳಿಗೆ ಎಷ್ಟು ದಿನ ಬರುತ್ತದೆ?

3. ಒಳಗೆ 5 ಅಡಿ ಉದ್ದ, 3 ಅಡಿ ಅಗಲದ ಟಾಂಕಿಯಲ್ಲಿ ನೀರು ಒಂದು ದಿನದಲ್ಲಿ 8 ಇಂಚು ಇಳಿಯಿತು. ಕೊಡದ ಲೆಕ್ಕದಲ್ಲಿ ಮನೆಯವರು ತೆಗೆದದ್ದು 200 ಲೀಟರ್. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: (1) 62.5 ಘನ ಅಡಿ. (2) 540 ಘನ ಅಡಿ, 1080 ಕಿಲೋ, 108 ದಿನ. (3) ಇಳಿದದ್ದು 10 ಘನ ಅಡಿ, 283 ಲೀಟರ್. 83 ಲೀಟರ್ ಲೆಕ್ಕಕ್ಕೆ ಸಿಗುವುದಿಲ್ಲ. ಟಾಂಕಿಯ ಬುಡದಲ್ಲಿ ಒದ್ದೆ ಇದೆಯೇ ಎಂದು ನೋಡಿ, ಸೀಳಿದ್ದಲ್ಲಿ ಬೇಸಗೆಗೆ ಮುಂಚೆ ಸಿಮೆಂಟು ಹಾಕಿಸಿ.